ಮೂವತ್ತಕ್ಕೆ ಹದಿಮೂರು

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅಂಬ್ರೀನ್‌ಗೆ ಹೆಂಗಸರ ವಾರ್ಡಿನಿಂದ ಕರೆ ಬಂತು. ಅವಳು ಕೋಲಾರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆ. ಸೇರಿ ಎರಡು ವರ್ಷವಾಗಿದ್ದರೂ ಇನ್ನೂ ಗುತ್ತಿಗೆಯ ಮೇಲೆಯೇ ಇದ್ದಳು. ಟ್ರಸ್ಟಿನವರಿಗೆ ಇಡೀ ಜಿಲ್ಲೆಗೆ ಇದ್ದವಳು ಅವಳೊಬ್ಬಳೇ. ಸೋಮವಾರ ಮಾಲೂರು, ಬುಧವಾರ ಶ್ರೀನಿವಾಸಪುರ, ಮಂಗಳವಾರ ಮತ್ತು ಶುಕ್ರವಾರ ಕೋಲಾರ. ಗುರುವಾರವೂ ಕೋಲಾರವೇ, ಆದರೆ ಅವತ್ತು ರೋಗಿಗಳಿಲ್ಲ, ವರದಿ ಬರೆಯುವ ಕೆಲಸ. ಸಂಜೆ ಐದರ ಬಸ್ಸಿನಲ್ಲಾದರೆ ಮುಳಬಾಗಿಲಿನ ಮನೆಗೆ ಕೂತು ಹೋಗಬಹುದಿತ್ತು. ಆಮೇಲಿನ ಬಸ್ಸುಗಳಲ್ಲಿ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಸರ್ಜನ್ ಡಾಕ್ಟರ್ ಅಮರನಾಥ್ ಕಾಯುತ್ತಿದ್ದರು. ನಿಂತ ನಿಲುವಿನಲ್ಲೇ ವಿಷಯ ಹೇಳಿದರು. ರೋಗಿ ಹುತ್ತೂರು ಕಡೆಯ ಮುನಿಶಾಮಮ್ಮ, ಎಪ್ಪತ್ತಾರು ವರ್ಷ. ಹಳೆಯ ಸಕ್ಕರೆ ಕಾಯಿಲೆ. ಎಡಗಾಲಿನ ಮೂರು ಬೆರಳು ಕಪ್ಪಾಗಿ ಕೊಳೆಯುತ್ತಿವೆ. ಈಗಲೇ ಮೊಣಕಾಲಿನ ಕೆಳಗೆ ತೆಗೆದರೆ ಉಳಿಯುತ್ತಾರೆ. ಆಕೆ ಬೆಳಗ್ಗೆಯೇ ತೆಗೆಯಿರಿ ಅಂದಿದ್ದಾರೆ, ಮಗ ಮಾತ್ರ ಬೇಡವೇ ಬೇಡ ಅನ್ನುತ್ತಿದ್ದಾನೆ. ಇಷ್ಟೇ ಆಗಿದ್ದರೆ ಸರಿ. ಆದರೆ ಆರು ವರ್ಷದ ಹಿಂದೆ ತೀರಿಕೊಂಡ ಗಂಡ ಊಟ ಮಾಡಿದರೋ ಇಲ್ಲವೋ ಎಂದು ಆಕೆ ಬೆಳಗಿನಿಂದ ಎರಡು ಸಲ ನರ್ಸನ್ನು ಕೇಳಿದ್ದಾರೆ. ಇಂಥವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಕಾಲು ಕತ್ತರಿಸುವುದು ಹೇಗೆ? ಹಿಂದಿನ ವರ್ಷ ಇಂಥದೇ ಒಂದು ಕೇಸಿನಲ್ಲಿ ರೋಗಿಯ ಕಡೆಯವರು ಬಂದು ವಾರ್ಡಿನ ಗಾಜು ಒಡೆದಿದ್ದರು.

“ನೀವೊಂದು ನಂಬರ್ ಕೊಡಿ ಮೇಡಂ,” ಅಂದರು ಡಾಕ್ಟರ್. “ಉಳಿದಿದ್ದು ನಾನು ನೋಡ್ಕೊಳ್ತೀನಿ.”

ಅಂಬ್ರೀನ್ ತನ್ನ ಚೀಲದಿಂದ ಮೂವತ್ತು ಅಂಕದ ನಮೂನೆ ತೆಗೆದಳು. ಅದು ಓದು ಬರಹ ಬಲ್ಲವರಿಗೆ ಮಾಡಿದ್ದು. ಓದು ಬಾರದವರಿಗೆ ಬೇರೆ ನಮೂನೆ ಇದೆ, ಅದನ್ನು ತರಿಸಿಕೊಡಿ ಎಂದು ಅವಳು ಟ್ರಸ್ಟಿನ ಆಫೀಸಿಗೆ ಎರಡು ಸಲ ಪತ್ರ ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಇದ್ದದ್ದರಲ್ಲೇ ಮಾಡಬೇಕಿತ್ತು.

ಮುನಿಶಾಮಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಸಣ್ಣ ದೇಹ, ಬಿಗಿಯಾಗಿ ಕಟ್ಟಿದ ತುರುಬು. ಮನೆಮಾತು ತೆಲುಗು, ಹೊರಗಿನವರ ಜೊತೆ ಕನ್ನಡ. ಈ ಋತು ಯಾವುದು ಎಂದು ಅಂಬ್ರೀನ್ ನಮೂನೆಯಲ್ಲಿದ್ದಂತೆಯೇ ಓದಿದಳು. ಆ ಪದವೇ ಅವರಿಗೆ ತಿಳಿಯಲಿಲ್ಲ. ಇಸವಿ ಗೊತ್ತಿರಲಿಲ್ಲ. ಯಾವ ಮಹಡಿ ಅಂದರೆ, ನನ್ನ ಮಲಗಿಸಿಕೊಂಡೇ ತಂದರು ನನಗೇನು ಗೊತ್ತು ಅಂದರು. ನೂರರಿಂದ ಏಳೇಳು ಕಳೆಯುವುದರಲ್ಲಿ ಎರಡು ಮೆಟ್ಟಿಲು ಇಳಿದು ನಿಂತರು. ಸೇಬು, ಮೇಜು, ನಾಣ್ಯ ಎಂಬ ಮೂರು ಪದ ಹೇಳಿಕೊಟ್ಟು ಐದು ನಿಮಿಷದ ಮೇಲೆ ಕೇಳಿದಾಗ ಒಂದೂ ನೆನಪಿರಲಿಲ್ಲ. ಒಂದು ವಾಕ್ಯ ಬರೆಯಿರಿ ಎಂದು ಪೆನ್ನು ಕೊಟ್ಟಾಗ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು.

ಇವತ್ತು ಯಾವ ದಿನ ಎಂದು ಕೇಳಿದ್ದಕ್ಕೆ ಮಾತ್ರ ತಡವರಿಸದೆ ಉತ್ತರ ಬಂತು. “ನಾನು ಬರೋವಾಗ ಹುಳ ಮೂರನೇ ಜ್ವರಕ್ಕೆ ಕೂತಿತ್ತು. ಇವತ್ತು ಎದ್ದಿರ್ತದೆ.”

ಹುಳಕ್ಕೆ ಜ್ವರ. ಅಂಬ್ರೀನ್ ಆ ಸಾಲಿನ ಮುಂದೆ ಸೊನ್ನೆ ಹಾಕಿ ‘ಅಸಂಬದ್ಧ ಉತ್ತರ’ ಎಂದು ಬರೆದಳು.

ಎದ್ದು ಹೊರಡುವಾಗ ಮುನಿಶಾಮಮ್ಮ ಅವಳ ಕೈ ಹಿಡಿದು ತೆಲುಗಿನಲ್ಲಿ, “ತೀಸೇಯಂಡಮ್ಮಾ,” ಅಂದರು. ತೆಗೆದುಬಿಡಿ ಅಂತ. ಮುಳಬಾಗಿಲಿನ ಹುಡುಗಿಗೆ ಅಷ್ಟು ತೆಲುಗು ಬರುತ್ತಿತ್ತು. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಗಂಟೆ ನಾಲ್ಕೂಮುಕ್ಕಾಲು. ಮೂವತ್ತಕ್ಕೆ ಹದಿಮೂರು, ತೀವ್ರ ಮರೆವು, ನಿರ್ಧಾರ ಸಾಮರ್ಥ್ಯ ಅನುಮಾನಾಸ್ಪದ ಎಂದು ಬರೆದು ಸಹಿ ಹಾಕಿ, ಫೈಲಿಗೆ ಸೇರಿಸಿ ಅವಳು ಬಸ್ಸು ಹಿಡಿದಳು.

ಮಂಗಳವಾರ ಬಂದು ನೋಡಿದರೆ ಆ ಮಂಚದ ಮೇಲೆ ಬೇರೆ ಯಾರೋ ಇದ್ದರು. ಆಪರೇಷನ್ ಆಗಿ ಬೇರೆ ವಾರ್ಡಿಗೆ ಹೋಗಿರಬೇಕು ಅಂದುಕೊಂಡು ಹೆಡ್ ನರ್ಸ್ ಭಾರತಮ್ಮನವರನ್ನು ಕೇಳಿದಳು. ಶನಿವಾರ ಬೆಳಗ್ಗೆಯೇ ಮಗ ಸಹಿ ಹಾಕಿ ಮನೆಗೆ ಕರೆದುಕೊಂಡು ಹೋದ ಎಂದು ಅವರು ಹೇಳಿದರು. ನಾಟಿ ಔಷಧಿ ಕಟ್ಟಿಸುತ್ತಾನಂತೆ. ಆಟೋಗೆ ಎತ್ತುವಾಗ ಆಯಮ್ಮ ಬಾಗಿಲ ಕಂಬಿ ಹಿಡಿದುಕೊಂಡು, ನಾನು ಬರಲ್ಲ, ಡಾಕ್ಟ್ರು ಕುಯ್ತೀನಿ ಅಂದವ್ರೆ ಅಂತ ಕೂಗಿದರಂತೆ. ಬೆರಳು ಬಿಡಿಸಿ ಕೂರಿಸಬೇಕಾಯಿತಂತೆ.

ಅಂಬ್ರೀನ್ ನೇರ ಡಾಕ್ಟರ್ ಅಮರನಾಥರ ಕೋಣೆಗೆ ಹೋದಳು. ರೋಗಿಯೇ ಒಪ್ಪಿರುವಾಗ ಹೇಗೆ ಕಳಿಸಿದಿರಿ ಎಂದು ಕೇಳಿದಳು. ಅವರು ಫೈಲು ತೆಗೆದು ಅವಳದೇ ಹಾಳೆಯನ್ನು ಅವಳ ಮುಂದೆ ಇಟ್ಟರು.

“ಹದಿಮೂರು. ಅನುಮಾನಾಸ್ಪದ. ಇದು ನಿಮ್ಮ ಕೈಬರಹ ತಾನೆ?”

“ಅದು ನೆನಪಿನ ಅಂಕ ಸಾರ್. ಕಾಲಿನ ವಿಷಯ ಅವರಿಗೆ ಅರ್ಥವಾಗಿದೆಯೋ ಇಲ್ಲವೋ ಅದರಲ್ಲಿ ಇಲ್ಲ.”

“ಹಾಗಂತ ಅವತ್ತು ಬರೀಬೇಕಿತ್ತು,” ಅಂದು ಅವರು ಮುಂದಿನ ರೋಗಿಯನ್ನು ಕರೆದರು.

ಅವಳಿಗೆ ಅವರ ಮೇಲೆ ಬಂದ ಸಿಟ್ಟಿನ ಮುಕ್ಕಾಲು ಪಾಲು ತನ್ನ ಮೇಲೆಯೇ ಎಂದು ಗೊತ್ತಿದ್ದರಿಂದ ಅದು ಇಳಿಯಲಿಲ್ಲ. ಓದುವಾಗ ಪಾಠ ಮಾಡಿದವರು ಇದನ್ನೇ ಮತ್ತೆ ಮತ್ತೆ ಹೇಳಿದ್ದರು. ಮರೆವು ಬೇರೆ, ತೀರ್ಮಾನ ಬೇರೆ. ಯಾವ ತೀರ್ಮಾನವೋ ಅದರ ಬಗ್ಗೆಯೇ ಕೇಳಬೇಕು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿ ಬರೆದು ಪಾಸೂ ಆಗಿದ್ದಳು. ಫೈಲಿನಲ್ಲಿದ್ದ ನಂಬರು ನೋಡಿ ಮಗ ವೇಣುಗೋಪಾಲನಿಗೆ ಫೋನ್ ಮಾಡಿದಳು. ಆಸ್ಪತ್ರೆಯಿಂದ ಎಂದ ಕೂಡಲೇ ಅವನು ಇಟ್ಟುಬಿಟ್ಟ. ಎರಡನೇ ಸಲ ಎತ್ತಲಿಲ್ಲ. ಟ್ರಸ್ಟಿನ ಆಫೀಸಿಗೆ ಫೋನ್ ಮಾಡಿ ಬುಧವಾರ ಶ್ರೀನಿವಾಸಪುರದ ಬದಲು ಹುತ್ತೂರಿಗೆ ಹೋಗಲೇ ಎಂದು ಕೇಳಿದಳು. ಬಿಟ್ಟುಹೋದ ರೋಗಿ ನಮ್ಮ ಜವಾಬ್ದಾರಿಯಲ್ಲ, ಶ್ರೀನಿವಾಸಪುರದಲ್ಲಿ ಹನ್ನೆರಡು ಜನ ಹೆಸರು ಬರೆಸಿದ್ದಾರೆ ಎಂದರು. ಅವಳು ರಜೆ ಹಾಕಿದಳು.

ಬುಧವಾರ ಹತ್ತು ಗಂಟೆಗೆ ಹುತ್ತೂರಿನಲ್ಲಿ ಬಸ್ಸಿಳಿದು, ವಿಚಾರಿಸಿಕೊಂಡು ಎರಡು ಕಿಲೋಮೀಟರ್ ನಡೆದಳು. ಎರಡೂ ಕಡೆ ಹಿಪ್ಪುನೇರಳೆ ತೋಟ. ಊರಾಚೆ ಆಸ್ಬೆಸ್ಟಾಸ್ ಹೊದಿಸಿದ ರೇಷ್ಮೆ ಹುಳದ ಮನೆ, ಅದರ ಪಕ್ಕದಲ್ಲೇ ವಾಸದ ಮನೆ. ಜಗುಲಿಯ ಮೇಲೆ ಸೊಸೆ ಸುನಂದ ಅಕ್ಕಿ ಆರಿಸುತ್ತ ಕೂತಿದ್ದಳು. ಅಂಬ್ರೀನ್ ತಾನು ಯಾರೆಂದು ಹೇಳಿದಾಗ ಅವಳು ಗಾಬರಿಯಾಗಿ ಒಳಗೆ ಹೊರಗೆ ನೋಡಿದಳು. ಗಂಡ ತೋಟಕ್ಕೆ ನೀರು ಕಟ್ಟಲು ಹೋಗಿದ್ದ. ಕೆಲಸದ ಹೊತ್ತಿನಲ್ಲಿ ಬಂದು ತೊಂದರೆ ಕೊಟ್ಟೆನೇನೋ ಎಂದು ಅಂಬ್ರೀನ್ ಅಂದಳು.

“ಇಲ್ಲ ಬನ್ನಿ ಮೇಡಂ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಇವತ್ತು ಸೊಪ್ಪು ಹಾಕಂಗಿಲ್ಲ. ಅದಕ್ಕೇ ಕೈ ಖಾಲಿ.”

ಅಂಬ್ರೀನ್ ಮೆಟ್ಟಿಲ ಮೇಲೆ ಹಾಗೇ ನಿಂತಳು. ಜ್ವರ ಅಂದರೆ ಏನು ಎಂದು ಕೇಳಿದಳು. ಇಂಥದ್ದನ್ನೂ ಕೇಳುವವರಿದ್ದಾರೆಯೇ ಎನ್ನುವಂತೆ ಸುನಂದ ನೋಡಿದಳು. ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತವೆ, ತಿನ್ನುವುದಿಲ್ಲ. ಅದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ ಬರುತ್ತವೆ. ಹಾಗಿದ್ದರೆ ಮೂರನೇ ಜ್ವರದಿಂದ ಎದ್ದಿದ್ದು ಯಾವತ್ತು? ಸುನಂದ ಬೆರಳು ಮಡಚಿ ಎಣಿಸಿದಳು. “ಶುಕ್ರವಾರ.”

ಮುಳಬಾಗಿಲಿನಲ್ಲಿ ಅಂಬ್ರೀನ್‌ಳ ತಂದೆ ಗೌಸ್ ಮೊಹಿದ್ದೀನ್ ಅವರದು ಬೀಗ ರಿಪೇರಿ ಅಂಗಡಿ. ಇದೇ ಜಿಲ್ಲೆಯಲ್ಲಿ ಇಪ್ಪತ್ತೇಳು ವರ್ಷ ಬೆಳೆದರೂ ಅವಳು ಒಂದು ಹುಳದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ದಿನವನ್ನು ಸರಿಯಾಗಿ ಹೇಳಿದ ಮುದುಕಿಗೆ ತಾನು ಸೊನ್ನೆ ಕೊಟ್ಟೆ ಎಂದು ಅವಳಿಗೆ ಮೈ ಉರಿದುಹೋಯಿತು.

ಮುನಿಶಾಮಮ್ಮ ನಡುಮನೆಯಲ್ಲಿ ಮಲಗಿದ್ದರು. ಬಾಗಿಲು ದಾಟುವಾಗಲೇ ವಾಸನೆ ಬಂತು. ಪಾದದ ತುಂಬ ಹಸಿರು ಔಷಧಿ ಮೆತ್ತಿ ಬಟ್ಟೆ ಸುತ್ತಿದ್ದರು. ಬಟ್ಟೆಯಿಂದ ಮೇಲಕ್ಕೆ, ಕಾಲ್ಗಿಣ್ಣಿನಾಚೆಗೂ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು.

“ನೀನು ಯಾರ ಮಗಳಮ್ಮಾ?” ಅಂದರು ಅವರು. ಶುಕ್ರವಾರ ಒಂದು ಗಂಟೆ ಎದುರು ಕೂತಿದ್ದವಳ ಗುರುತು ಹತ್ತಿರಲಿಲ್ಲ.

ಅಂಬ್ರೀನ್ ಈ ಸಲ ನಮೂನೆ ತೆಗೆಯಲಿಲ್ಲ. ನೆಲದ ಮೇಲೆ ಕೂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಕಾಲಿಗೆ ಏನಾಗಿದೆ ಅಜ್ಜಿ ಎಂದು ಕೇಳಿದಳು.

“ಕೊಳ್ತೋಗೈತೆ. ಕುಯ್ದಾಕ್ಬೇಕು ಅಂತ ಡಾಕ್ಟ್ರು ಅಂದ್ರು.”

“ಕುಯ್ದ್ರೆ ಏನಾಗುತ್ತೆ?”

“ಕಾಲಿರಲ್ಲ. ಕೂತಿದ್ದ ಕಡೇನೇ ಕೂತಿರ್ಬೇಕು. ಎಲ್ಲಾದಕ್ಕೂ ಸೊಸೆ ಬರ್ಬೇಕು.”

“ಕುಯ್ಯದೇ ಹೋದ್ರೆ?”

“ವಿಷ ಮೇಲಕ್ಕೇರ್ತದೆ. ನಾನು ಹೋಗ್ತೀನಿ.”

“ನಿಮಗೆ ಯಾವುದು ಬೇಕು?”

“ತೆಗ್ದಾಕಿ. ಈ ನಾತಕ್ಕೆ ನನ್ನ ಹುಳದ ಮನೆ ಒಳಕ್ಕೇ ಬಿಡಲ್ಲ ಇವ್ರು. ಕಾಲಿಲ್ದಿದ್ರೂ ಕೈ ಇರ್ತವಲ್ಲ. ಕೂತ್ಕಂಡು ಗೂಡು ಬಿಡಿಸ್ತೀನಿ.”

ಸುನಂದ ಕಾಫಿ ತಂದುಕೊಟ್ಟಳು. ಅಷ್ಟರಲ್ಲಿ ವೇಣುಗೋಪಾಲ ಬಂದ. ಮಣ್ಣು ಮೆತ್ತಿದ ಕಾಲಿನಲ್ಲೇ ಬಾಗಿಲಲ್ಲಿ ನಿಂತು, ಯಾಕೆ ಬಂದಿರಿ ಎಂದು ಕೇಳಿದ. ಅಂಬ್ರೀನ್, ನೀವು ಸುಮ್ಮನೆ ಕೂತು ಕೇಳಿಸಿಕೊಳ್ಳಿ ಅಷ್ಟೇ ಸಾಕು ಅಂದಳು. ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿದಳು. ಅರ್ಧ ಗಂಟೆಯ ಹಿಂದೆ ಕೇಳಿದ್ದು ಮುನಿಶಾಮಮ್ಮನಿಗೆ ನೆನಪಿರಲಿಲ್ಲ. ಯಾರ ಮಗಳು ಎಂಬಲ್ಲಿಂದಲೇ ಶುರುಮಾಡಿದರು. ಆದರೆ ಕಾಲಿನ ಮಾತು ಬಂದಾಗ ಒಂದೊಂದು ಉತ್ತರವೂ ಮೊದಲಿನದೇ. ಮಧ್ಯಾಹ್ನ ಊಟವಾದ ಮೇಲೆ ಮೂರನೇ ಸಲ ಕೇಳಿದಾಗಲೂ ಅದೇ. ಆ ಸಲ ಅವರು ಮಗನ ಕಡೆ ನೋಡಿಕೊಂಡು ಹೇಳಿದರು.

ವೇಣುಗೋಪಾಲ ಎದ್ದು ಹೊರಗೆ ಹೋದ. ಅಂಬ್ರೀನ್ ಹಿಂದೆಯೇ ಹೋದಳು. ಅವನು ಕೆಟ್ಟವನಲ್ಲ. ಅವನ ದೊಡ್ಡಪ್ಪನಿಗೆ ಇದೇ ಥರ ಕಾಲು ತೆಗೆಸಿದ್ದರು, ಮೂರೇ ದಿನಕ್ಕೆ ಜೀವ ಹೋಗಿತ್ತು. ಅವರ ಮಗನನ್ನು ಕಂಡಾಗಲೆಲ್ಲ ಊರಿನವರು ಇವತ್ತಿಗೂ, ಅಪ್ಪನ ಕಾಲು ಕೊಯ್ಸಿ ಕೊಂದವನು ಅನ್ನುತ್ತಾರೆ. ತಾಯಿಗೆ ಬೆಳಗ್ಗೆ ತಿಂದದ್ದು ಸಂಜೆಗೆ ನೆನಪಿರುವುದಿಲ್ಲ. ಆಪರೇಷನ್ ಆಗಿ ಕಣ್ಣು ಬಿಟ್ಟು, ನನ್ನ ಕಾಲೆಲ್ಲೋ ಎಂದು ಕೇಳಿದರೆ ತಾನು ಏನು ಹೇಳಬೇಕು? ದಿನಾ ಕೇಳಿದರೆ ದಿನಾ ಏನು ಹೇಳಬೇಕು? ಇದನ್ನೆಲ್ಲ ಅವನು ತೋಟದ ಕಡೆ ಮುಖ ಮಾಡಿಕೊಂಡು ಹೇಳಿದ. ಆಮೇಲೆ ತಿರುಗಿ ನಿಂತ.

“ಶುಕ್ರವಾರ ನೀವೇ ಬರ್ದಿದ್ದು, ಅಮ್ಮನಿಗೆ ತಿಳಿಯಲ್ಲ ಅಂತ. ಡಾಕ್ಟ್ರು ನನಗೆ ಓದಿ ಹೇಳಿದ್ರು. ಇವತ್ತು ಬಂದು ತಿಳೀತದೆ ಅಂತೀರ. ನಾನು ಯಾವುದನ್ನ ನಂಬಲಿ ಮೇಡಂ?”

“ಶುಕ್ರವಾರ ನಾನು ತಪ್ಪು ಬರೆದೆ,” ಅಂದಳು ಅಂಬ್ರೀನ್.

“ಹಂಗಂತ ಬರ್ದು ಕೊಡಿ.”

ಜಗುಲಿಯ ಮೇಲೆ ಕೂತು ಅವಳು ಬರೆದಳು. ಮೊದಲು ಮಾಡಿದ್ದು ನೆನಪಿನ ಪರೀಕ್ಷೆ ಮಾತ್ರ, ಅದನ್ನೇ ತೀರ್ಮಾನದ ಪರೀಕ್ಷೆಯೆಂಬಂತೆ ಬರೆದದ್ದು ತನ್ನ ತಪ್ಪು, ಒಂದು ಉತ್ತರವನ್ನು ತಿಳಿಯದೆ ಅಸಂಬದ್ಧ ಎಂದದ್ದೂ ತಪ್ಪು. ಮುನಿಶಾಮಮ್ಮನವರಿಗೆ ಮರೆವು ಇದೆ. ಆದರೂ ಕಾಲು ತೆಗೆಸುವುದರ ಲಾಭ ನಷ್ಟ ಎರಡೂ ತಿಳಿದಿದೆ, ಮೂರು ಸಲ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ತೀರ್ಮಾನ ಹೇಳಿದ್ದಾರೆ. ಸಹಿ ಹಾಕುವಾಗ, ಈ ಕಾಗದ ಟ್ರಸ್ಟಿನ ಆಫೀಸಿಗೆ ಹೋದರೆ ಗುತ್ತಿಗೆ ಮುಂದುವರಿಯುವುದು ಅನುಮಾನ ಎಂದು ಅವಳಿಗೆ ಅನ್ನಿಸಿತು. ಸಹಿ ಹಾಕಿದಳು. ವೇಣುಗೋಪಾಲ ಅದನ್ನು ಎರಡು ಸಲ ಓದಿ ಜೇಬಿಗೆ ಇಟ್ಟುಕೊಂಡ. ಇವತ್ತೇ ಹೊರಡೋಣ ಎಂದು ಅವಳು ಎಷ್ಟು ಹೇಳಿದರೂ ಜಗ್ಗಲಿಲ್ಲ. ಮಾವನನ್ನು ಒಂದು ಮಾತು ಕೇಳಬೇಕು, ನಾಟಿ ವೈದ್ಯ ಹನ್ನೊಂದು ದಿನದಲ್ಲಿ ವಾಸಿಯಾಗುತ್ತೆ ಅಂದಿದ್ದಾನೆ, ನೋಡೋಣ. ಬಸ್ಸಿಗೆ ನಡೆಯುವಾಗ ಅಂಬ್ರೀನ್‌ಗೆ ಅಳು ಬಂತು. ದಾರಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ತಡೆಯಲಿಲ್ಲ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಅವನೇ ಫೋನ್ ಮಾಡಿದ. ತಾಯಿಗೆ ಮೈ ಸುಡುತ್ತಿದೆ, ಕೆಂಪು ಮಂಡಿಯವರೆಗೆ ಬಂದಿದೆ. ಬೆಡ್ ಸಿಗುತ್ತಾ? ಬನ್ನಿ ಅಂದಳು. ಬೆಡ್ ಇರಲಿಲ್ಲ. ಭಾರತಮ್ಮನವರು ಒಬ್ಬರ ಡಿಸ್ಚಾರ್ಜನ್ನು ಎರಡು ಗಂಟೆ ಮುಂಚೆ ಮಾಡಿಸಿ ಮಂಚ ಖಾಲಿ ಮಾಡಿಸಿದರು.

ಡಾಕ್ಟರ್ ಅಮರನಾಥ್ ಕಾಲಿನ ಬಟ್ಟೆ ಬಿಚ್ಚಿ ನೋಡಿ ಕೈ ತೊಳೆದುಕೊಂಡರು. ಆಮೇಲೆ ಅಂಬ್ರೀನ್‌ಳನ್ನು ಪಕ್ಕಕ್ಕೆ ಕರೆದು, ಇನ್ನು ಮೊಣಕಾಲು ಉಳಿಸಲು ಆಗುವುದಿಲ್ಲ, ತೊಡೆಯಲ್ಲೇ ತೆಗೆಯಬೇಕು ಅಂದರು. ವೇಣುಗೋಪಾಲ ಒಪ್ಪಿಗೆ ಪತ್ರಕ್ಕೆ ತಾನು ಸಹಿ ಹಾಕುವುದಿಲ್ಲ, ಅಮ್ಮ ಹೇಳಿದರೆ ಅಮ್ಮನೇ ಹಾಕಲಿ, ತಡೆಯುವುದಿಲ್ಲ ಎಂದು ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರರ ಕೈಯಲ್ಲಿ ಈಗ ಒಂದೇ ಕೈಬರಹದ ಎರಡು ಹಾಳೆಗಳಿದ್ದವು.

“ಮತ್ತೆ ಟೆಸ್ಟ್ ಮಾಡಿದ್ರಾ? ಎಷ್ಟು ಬಂತು?”

“ಮಾಡಿಲ್ಲ ಸಾರ್. ಮಾಡಿದ್ರೂ ಹದಿನಾಲ್ಕು ಬರಬಹುದು, ಅಷ್ಟೇ. ನೀವೇ ಬಂದು ಅವರನ್ನ ಕೇಳಿ. ಐದು ನಿಮಿಷ.”

“ಆಮೇಲೆ ಅವರ ಕಡೆಯವರು ಬಂದು ಕೂಗಾಡಿದ್ರೆ?”

“ನನ್ನ ಹೆಸರು ಹೇಳಿ,” ಅಂದಳು. ದನಿ ತಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಪಕ್ಕದ ಮಂಚದವರು ತಿರುಗಿ ನೋಡಿದರು.

ಡಾಕ್ಟರ್ ಮಂಚದ ಬಳಿ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು. ಮುನಿಶಾಮಮ್ಮ ಜ್ವರದಲ್ಲಿದ್ದರೂ ಎಚ್ಚರವಾಗಿದ್ದರು. ನೀನ್ಯಾರು ನಾಯ್ನಾ ಎಂದು ಕೇಳಿದರು. ಡಾಕ್ಟರ್ ಹೇಳಿದರು. ಕಾಲಿಗೆ ಏನಾಗಿದೆ, ತೆಗೆದರೆ ಏನು, ಬಿಟ್ಟರೆ ಏನು ಎಂದು ಅವರೇ ಒಂದೊಂದಾಗಿ ಕೇಳಿದರು. ಉತ್ತರಗಳು ಬಂದವು, ನಿಧಾನವಾಗಿ, ನಡುವೆ ನೀರು ಕುಡಿದು. ಕೊನೆಗೆ ಡಾಕ್ಟರ್, ಮೊದಲು ಹೇಳಿದ ಕಡೆಯಲ್ಲ ಅಮ್ಮ, ಈಗ ಇನ್ನೂ ಮೇಲೆ ತೆಗೆಯಬೇಕು ಎಂದು ತೊಡೆಯ ಮೇಲೆ ಕೈಯಿಟ್ಟು ತೋರಿಸಿದರು.

“ಮಂಡೀನೂ ಹೋಗ್ತದಾ?”

“ಹೋಗುತ್ತೆ.”

ಮುನಿಶಾಮಮ್ಮ ಆ ಕೈಯನ್ನು ಸರಿಸಿ ಮಂಡಿಯನ್ನು ಮುಟ್ಟಿ ನೋಡಿಕೊಂಡರು. “ಅವತ್ತೇ ಅಂದಿದ್ನಲ್ಲ,” ಅಂದರು. “ಯಾರೂ ಕೇಳ್ಲಿಲ್ಲ.”

ಅದು ನಿಜವಾಗಿ ನೆನಪಿದ್ದು ಹೇಳಿದ್ದೋ, ಬರೀ ಬೇಸರದಲ್ಲಿ ಬಂದ ಮಾತೋ ಅಂಬ್ರೀನ್‌ಗೆ ಗೊತ್ತಾಗಲಿಲ್ಲ. ಡಾಕ್ಟರ್ ಅಮರನಾಥ್ ತಲೆ ತಗ್ಗಿಸಿ ಫಾರಂ ತುಂಬಿಸತೊಡಗಿದರು. ಭಾರತಮ್ಮನವರು ಇಂಕ್ ಪ್ಯಾಡ್ ಹಿಡಿದರು. ಮುನಿಶಾಮಮ್ಮ ತಾವೇ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

ಸಂಜೆ ಆಪರೇಷನ್ ಆಯಿತು. ಮೊದಲ ನಾಲ್ಕು ದಿನ ಯಾರಿಗೂ ನಂಬಿಕೆಯಿರಲಿಲ್ಲ. ಐದನೇ ದಿನ ಜ್ವರ ಇಳಿಯಿತು. ವೇಣುಗೋಪಾಲ ಹೆದರಿದ್ದಂತೆಯೇ ಆಯಿತು. ಕಣ್ಣು ಬಿಟ್ಟಾಗಲೆಲ್ಲ ಅವರು ನನ್ನ ಕಾಲೆಲ್ಲಿ ಎಂದು ಕೇಳುತ್ತಿದ್ದರು. ಸುನಂದ ಪ್ರತಿ ಸಲವೂ ಹೇಳುತ್ತಿದ್ದಳು. ಪ್ರತಿ ಸಲವೂ ಅವರು ಹೊದಿಕೆ ಎತ್ತಿ ನೋಡಿ, ಸರಿ ಬಿಡು ಅನ್ನುತ್ತಿದ್ದರು. ಮಗ ಅದನ್ನು ನೋಡಲಾಗದೆ ವರಾಂಡದಲ್ಲೇ ಇರುತ್ತಿದ್ದ.

ಟ್ರಸ್ಟಿನ ಆಫೀಸಿನಿಂದ ಅಂಬ್ರೀನ್‌ಗೆ ನೋಟಿಸ್ ಬಂತು. ಅನುಮತಿಯಿಲ್ಲದೆ ರೋಗಿಯ ಮನೆಗೆ ಹೋದದ್ದಕ್ಕೆ ಮತ್ತು ಒಂದೇ ರೋಗಿಗೆ ಪರಸ್ಪರ ವಿರುದ್ಧವಾದ ಎರಡು ವರದಿ ಕೊಟ್ಟದ್ದಕ್ಕೆ ವಿವರಣೆ ಕೇಳಿದ್ದರು. ಅವಳು ನಾಲ್ಕು ಪುಟ ಬರೆದು ಕಳಿಸಿದಳು. ಓದು ಬಾರದವರ ನಮೂನೆಯನ್ನು ಮೂರನೇ ಸಲ ಕೇಳಿದ್ದೂ ಅದರಲ್ಲೇ ಇತ್ತು. ಗುತ್ತಿಗೆಯನ್ನು ಆರು ತಿಂಗಳಿಗೆ ಮಾತ್ರ ಮುಂದುವರಿಸಿದರು. ನಮೂನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವಳು ಹಳೆಯ ಹಾಳೆಯ ಕೆಳಗೆ ಏನಾಗಿದೆ, ಮಾಡಿಸಿದರೆ ಏನು, ಬಿಟ್ಟರೆ ಏನು ಎಂಬಂಥ ಐದು ಪ್ರಶ್ನೆಗಳನ್ನು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿಟ್ಟುಕೊಂಡಳು. ಮಾಲೂರಿನಲ್ಲಿ ಒಬ್ಬ ಡಾಕ್ಟರ್ ಅದನ್ನು ನೋಡಿ, ಇದಕ್ಕೆಲ್ಲ ಎಷ್ಟು ಅಂಕ ಎಂದು ಕೇಳಿದರು. ಅಂಕವಿಲ್ಲ ಅಂದಾಗ, ಹಾಗಾದರೆ ಎಲ್ಲಿ ನಮೂದಿಸೋದು ಎಂದು ವಾಪಸು ಕೊಟ್ಟರು.

ಒಂದೂವರೆ ತಿಂಗಳ ಮೇಲೆ ಮುನಿಶಾಮಮ್ಮನನ್ನು ಗಾಯ ತೋರಿಸಲು ಕರೆತಂದಿದ್ದರು. ಅಂಬ್ರೀನ್ ಔಷಧಿ ಅಂಗಡಿಯ ಸಾಲಿನಲ್ಲಿ ವೇಣುಗೋಪಾಲನನ್ನು ಕಂಡಳು. ಅವನು ತಾನಾಗಿ ಮಾತಾಡಿಸಲಿಲ್ಲ. ಅವಳು ಪಕ್ಕಕ್ಕೆ ಹೋಗಿ ನಿಂತು, ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು. ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ, ಎಲ್ಲರ ಮೇಲೂ ರೇಗ್ತಾರೆ ಅಂದ. ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.

“ಮೇಡಂ, ಅವತ್ತು ಶುಕ್ರವಾರವೇ ನಾನು ಒಪ್ಪಿದ್ದಿದ್ರೆ ಮಂಡಿ ಉಳೀತಿತ್ತಾ?”

ಡಾಕ್ಟರನ್ನು ಕೇಳಿ ಎಂದು ಜಾರಿಕೊಳ್ಳಬಹುದಿತ್ತು.

“ಉಳೀತಿತ್ತು,” ಅಂದಳು ಅಂಬ್ರೀನ್. “ನಾನು ಸರಿಯಾಗಿ ಬರೆದಿದ್ರೂ ಉಳೀತಿತ್ತು.”

ಅವನು ತಲೆಯಾಡಿಸಿದ. ಅವನ ಸರದಿ ಬಂದಿತ್ತು. ಚೀಟಿಯನ್ನು ಕಿಟಕಿಯೊಳಗೆ ಕೊಟ್ಟು, ಮಾತ್ರೆ ತೆಗೆದುಕೊಂಡು, ಗೇಟಿನ ಹತ್ತಿರ ಆಟೋ ಕರೆಯಲು ಹೋದ.